67 ನ್ಯಾನೋಸೆಕೆಂಡಿನೊಳಗೆ ಹಾಕಿ ತೆಗೆಯುವ ಬೀಗ

ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಕೇಬಲ್ಲಿನಲ್ಲಿ ತೀರಾ ಪುಟ್ಟ ಪ್ಯಾಕೆಟ್‌ಗಳು ಒಂದರ ಬೆನ್ನಿಗೊಂದು ಬರತೊಡಗಿದರೆ ಒಂದಕ್ಕೂ ಮತ್ತೊಂದಕ್ಕೂ ನಡುವಿನ ಅಂತರ ಬರೀ 67.2 ನ್ಯಾನೋಸೆಕೆಂಡ್. ಸೆಕೆಂಡಿಗೆ ಸುಮಾರು 1 ಕೋಟಿ 49 ಲಕ್ಷ ಪ್ಯಾಕೆಟ್! ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಹೋಗಿ ಮುಟ್ಟುವುದು 20 ಮೀಟರ್ ದೂರವನ್ನಷ್ಟೇ. 3 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿನ ಗಡಿಯಾರ ಆ ಅವಧಿಯಲ್ಲಿ ಮಿಡಿಯುವುದು 200 ಸಲ. ಈ 200 ಮಿಡಿತಗಳೊಳಗೆ ಪ್ಯಾಕೆಟ್ಟನ್ನು ಎತ್ತಿಕೊಳ್ಳಬೇಕು, ಅದು ಯಾರ ಪಾಲಿನದು ಎಂದು ಹುಡುಕಬೇಕು, ಯಾವ ದಾರಿಗೆ ಹಚ್ಚಬೇಕು ಎಂದು ತೀರ್ಮಾನಿಸಬೇಕು. ಅಷ್ಟರಲ್ಲಿ ಮುಂದಿನದು ಬಂದೇ ಬಿಟ್ಟಿರುತ್ತದೆ. ಪ್ರೊಸೆಸರಿನ ಒಂದು ಕೋರ್ ಒಬ್ಬಂಟಿಯಾಗಿ ಮಾಡಿ ಮುಗಿಸುವ ಕೆಲಸ ಅಲ್ಲವೇ ಅಲ್ಲ. ಆದ್ದರಿಂದ ಎಂಟು, ಹದಿನಾರು, ಅರವತ್ತನಾಲ್ಕು ಕೋರ್‌ಗಳು ಒಟ್ಟಿಗೆ ಕೈಹಚ್ಚುತ್ತವೆ. ಮೆಮೊರಿ ಒಂದೇ, ದಾರಿಗಳ ಪಟ್ಟಿಯಾದ ರೂಟಿಂಗ್ ಟೇಬಲ್ ಒಂದೇ, ಸಂಪರ್ಕಗಳ ತುದಿಗಳಾದ ಸಾಕೆಟ್‌ಗಳೂ ಅವೇ. ಕೈಗಳು ಮಾತ್ರ ಅರವತ್ತನಾಲ್ಕು!

ಈ ಕೈಗಳು ಒಂದಕ್ಕೊಂದು ತಾಕಿದರೆ ಏನಾಗುತ್ತದೆ? ತೀರಾ ಹತ್ತಿರ ಹೋಗಿ ನೋಡೋಣ. ಬಂದ ಪ್ಯಾಕೆಟ್‌ಗಳನ್ನು ಎಣಿಸುವ ಒಂದು ಸಂಖ್ಯೆ ಮೆಮೊರಿಯಲ್ಲಿದೆ, ಈಗ ಅದು 41 ಅಂದುಕೊಳ್ಳಿ. 'ಒಂದು ಕೂಡಿಸು' ಎಂದು ಪ್ರೋಗ್ರಾಮರ್ ಬರೆದದ್ದು ಒಂದೇ ಸಾಲು. ಪ್ರೊಸೆಸರಿಗೆ ಅದು ಮೂರು ಕೆಲಸ: ಓದು, ಕೂಡಿಸು, ವಾಪಸ್ ಬರೆ. ಮೊದಲ ಕೋರ್ 41 ಓದಿತು. ಅದು ಬರೆಯುವಷ್ಟರಲ್ಲಿ ಎರಡನೆಯದೂ 41 ಓದಿತು. ಇದು 42 ಬರೆಯಿತು, ಅದೂ 42 ಬರೆಯಿತು. ಬಂದದ್ದು ಎರಡು ಪ್ಯಾಕೆಟ್, ಲೆಕ್ಕಕ್ಕೆ ಸಿಕ್ಕಿದ್ದು ಒಂದು. ಎರಡು ಕೋರ್‌ಗಳೂ ತಮಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿವೆ, ಆದರೂ ಉತ್ತರ ತಪ್ಪು. ಇದೇ ರೇಸ್ ಕಂಡೀಷನ್.

ಲೆಕ್ಕ ಒಂದು ಕಡಿಮೆಯಾದರೆ ಹೋಗಲಿ ಅನ್ನಬಹುದು. ಆದರೆ ಇದೇ ಆಟ ಪ್ಯಾಕೆಟ್‌ಗಳ ಸರಪಳಿಯ ಮೇಲೆ ನಡೆದರೆ? ಒಂದು ಕೋರ್ ಕೊಂಡಿ ಬಿಚ್ಚುತ್ತಿರುವಾಗಲೇ ಇನ್ನೊಂದು ಅದೇ ಕೊಂಡಿ ಹಿಡಿದು ಮುಂದಕ್ಕೆ ಹೊರಟರೆ? ಅದು ತಲುಪುವ ವಿಳಾಸದಲ್ಲಿ ಏನೂ ಇಲ್ಲದಿದ್ದರೆ ಇಡೀ ಸರ್ವರ್ ಅಲ್ಲೇ ಕುಸಿಯುತ್ತದೆ. ಕುಸಿಯದೆ ಹೋದರೆ ಇನ್ನೂ ಅಪಾಯ, ಏಕೆಂದರೆ ಆ ಜಾಗದಲ್ಲಿ ಆಗಲೇ ಬೇರೆ ಯಾರದೋ ಮಾಹಿತಿ ಬಂದು ಕೂತಿರಬಹುದು. ಇಂಥ ದೋಷ ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ಏನು ನಡೆಯುತ್ತಿದೆ ಎಂದು ನೋಡಲು ಒಂದು ಸಾಲು ಸೇರಿಸಿದರೆ ಸಾಕು, ಹೊತ್ತಿನ ಹೊಂದಾಣಿಕೆ ಕೂದಲೆಳೆಯಷ್ಟು ಸರಿದು ದೋಷ ಮಾಯ! ಸಾಲು ತೆಗೆದರೆ ಮತ್ತೆ ಹಾಜರ್.

ಹಲವು ಕೈಗಳು ಒಂದೇ ವಸ್ತುವನ್ನು ಮುಟ್ಟುವಾಗ ಒಂದು ಸಲಕ್ಕೆ ಒಬ್ಬರೇ ಒಳಗಿರಬೇಕು ಎನ್ನುವ ಸಮಸ್ಯೆಯನ್ನು ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ 1965ರಲ್ಲೇ, ಒಂದೇ ಒಂದು ಪುಟದ ಪ್ರಬಂಧದಲ್ಲಿ ಬಿಡಿಸಿಟ್ಟಿದ್ದರು. ಇಂದು ಬಳಸುವ ಬೀಗದ ತಿರುಳು ಸರಳ. ಅದು ಮೆಮೊರಿಯಲ್ಲಿರುವ ಒಂದು ಸಂಖ್ಯೆ. ಸೊನ್ನೆ ಇದ್ದರೆ ಖಾಲಿ, ಒಂದಿದ್ದರೆ ಯಾರೋ ಒಳಗಿದ್ದಾರೆ. ಸೊನ್ನೆಯೇ ಎಂದು ನೋಡುವುದು ಮತ್ತು ಒಂದಾಗಿ ಬದಲಿಸುವುದು, ಈ ಎರಡನ್ನೂ ನಡುವೆ ಯಾರೂ ನುಸುಳದಂತೆ ಒಂದೇ ಏಟಿಗೆ ಮುಗಿಸುವ ಸೂಚನೆಯನ್ನು ಪ್ರೊಸೆಸರ್ ಕೊಡುತ್ತದೆ. ಯಂತ್ರದ ಸಹಾಯ ಅಲ್ಲಿಗೆ ಮುಗಿಯಿತು.

ಉಳಿದದ್ದೆಲ್ಲ ಒಪ್ಪಂದ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ನನಗೆ ಮೈ ಜುಮ್ಮೆಂದಿತು. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲಿನಲ್ಲಿ ಬೀಗ ಹಾಕಿದ ಮಾಹಿತಿಯ ಸುತ್ತ ಗೋಡೆ ಏಳುವುದಿಲ್ಲ. ಬೀಗ ಕೇಳದೆ ನೇರವಾಗಿ ಕೈ ಹಾಕುವವರನ್ನು ತಡೆಯುವವರೂ ಯಾರೂ ಇಲ್ಲ. 'ಈ ಸಂಖ್ಯೆಯನ್ನು ಕೇಳಿಯೇ ಆ ಮಾಹಿತಿಯನ್ನು ಮುಟ್ಟುತ್ತೇವೆ' ಎಂದು ಮುಖಪರಿಚಯವೂ ಇಲ್ಲದ ಸಾವಿರಾರು ಪ್ರೋಗ್ರಾಮರ್‌ಗಳು ದಶಕಗಳಿಂದ ನಡೆಸಿಕೊಂಡು ಬಂದ ಮಾತಿನ ಮೇಲೆ ಲಿನಕ್ಸಿನ ಇಡೀ ನೆಟ್‌ವರ್ಕ್ ವ್ಯವಸ್ಥೆ ನಿಂತಿದೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿರುವುದೂ ಅದೇ ಕರ್ನಲ್!

ಶುರುವಿನಲ್ಲಿ ಒಪ್ಪಂದ ಬಹಳ ಸರಳವಾಗಿತ್ತು. 1996ರಲ್ಲಿ ಬಂದ ಲಿನಕ್ಸ್ 2.0, ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಓಡಲು ಕಲಿತದ್ದು ಒಂದೇ ಒಂದು ಬೀಗದ ಬಲದಿಂದ. ಅದರ ಹೆಸರೇ ಬಿಗ್ ಕರ್ನಲ್ ಲಾಕ್. ಯಾವ ಪ್ರೊಸೆಸರ್ ಕರ್ನಲ್ಲಿನ ಒಳಗೆ ಕಾಲಿಟ್ಟರೂ ಉಳಿದವು ಹೊರಗೆ. ಭದ್ರವೇನೋ ಹೌದು. ಆದರೆ ನಾಲ್ಕು ಪ್ರೊಸೆಸರ್ ಇದ್ದರೂ ಕರ್ನಲ್ ಕೆಲಸ ನಡೆಯುತ್ತಿದ್ದುದು ಒಂದರಲ್ಲೇ.

ಅದರ ಬೆಲೆ ಎಷ್ಟೆಂದು ಜಗತ್ತಿನೆದುರು ಬಯಲಾದದ್ದು 1999ರ ಏಪ್ರಿಲ್‌ನಲ್ಲಿ. ಮೈಂಡ್‌ಕ್ರಾಫ್ಟ್ ಎಂಬ ಸಂಸ್ಥೆ ಮೈಕ್ರೋಸಾಫ್ಟ್ ಹಣದಲ್ಲಿ ಒಂದು ಪರೀಕ್ಷೆ ನಡೆಸಿತು. ನಾಲ್ಕು ಪ್ರೊಸೆಸರ್, ನಾಲ್ಕು ನೆಟ್‌ವರ್ಕ್ ಕಾರ್ಡ್ ಇರುವ ಒಂದೇ ಸರ್ವರ್‌ನಲ್ಲಿ ಒಮ್ಮೆ ವಿಂಡೋಸ್ ಎನ್‌ಟಿ, ಒಮ್ಮೆ ಲಿನಕ್ಸ್. ವೆಬ್ ಸರ್ವರ್ ಆಗಿ ಎನ್‌ಟಿ 3.7 ಪಟ್ಟು, ಫೈಲ್ ಸರ್ವರ್ ಆಗಿ 2.5 ಪಟ್ಟು ವೇಗ ಎಂದು ವರದಿ ಬಂತು. ಲಿನಕ್ಸ್ ಬಳಗ ಸಿಟ್ಟಿಗೆದ್ದಿತು, ಪರೀಕ್ಷೆಯೇ ಪಕ್ಷಪಾತದ್ದು ಎಂದಿತು. ಲಿನಕ್ಸ್ ಕಡೆಯವರನ್ನೂ ಕೂರಿಸಿಕೊಂಡು ಜೂನ್‌ನಲ್ಲಿ ಮತ್ತೆ ಪರೀಕ್ಷಿಸಿದಾಗಲೂ ಎನ್‌ಟಿಯೇ ಮುಂದಿತ್ತು. ಕಾರ್ಡ್‌ಗಳು ನಾಲ್ಕಿದ್ದರೂ ಲಿನಕ್ಸ್ 2.2ರ ನೆಟ್‌ವರ್ಕ್ ಕೋಡ್ ಹೆಚ್ಚುಕಡಿಮೆ ಒಂಟಿ ಸಾಲಿನಲ್ಲೇ ನಡೆಯುತ್ತಿತ್ತು, ಒಂದು ಪ್ರೊಸೆಸರ್ ಮುಗಿಸುವವರೆಗೆ ಮೂರು ಕಾಯುತ್ತಿದ್ದವು. ಆಮೇಲೆ ಆದದ್ದೇ ನನಗೆ ಇಷ್ಟವಾದ ಭಾಗ. ಅಮೆರಿಕದ ಡೇವಿಡ್ ಮಿಲ್ಲರ್, ರಷ್ಯಾದ ಅಲೆಕ್ಸಿ ಕುಜ್ನೆತ್ಸೋವ್ ಕೂತು ನೆಟ್‌ವರ್ಕ್ ಕೋಡಿನ ಬೀಗಗಳನ್ನು ಬುಡದಿಂದ ಮರುಹಂಚಿದರು. ಬಂದ ಪ್ಯಾಕೆಟ್‌ಗಳಿಗೆ ಪ್ರತಿ ಪ್ರೊಸೆಸರಿಗೂ ಬೇರೆ ಸಾಲು ಸಿಕ್ಕಿತು. 2001ರ ಜನವರಿಯಲ್ಲಿ ಲಿನಕ್ಸ್ 2.4 ಹೊರಬಂದಾಗ ನಾಲ್ಕು ಪ್ರೊಸೆಸರ್‌ಗಳೂ ಒಟ್ಟಿಗೆ ಪ್ಯಾಕೆಟ್ ಎತ್ತುತ್ತಿದ್ದವು. ಬಿಗ್ ಕರ್ನಲ್ ಲಾಕ್ ಮಾತ್ರ ಕರ್ನಲ್ಲಿನ ಬೇರೆ ಮೂಲೆಗಳಲ್ಲಿ ಉಳಿದುಕೊಂಡಿತ್ತು. ಅದರ ಕೊನೆಯ ಕುರುಹು ಅಳಿಸಿಹೋದದ್ದು 2011ರ ಮೇ ತಿಂಗಳ 2.6.39 ಆವೃತ್ತಿಯಲ್ಲಿ.

ಪ್ರತಿ ಸಾಕೆಟ್ಟಿಗೆ ಇರುವ ಬೀಗದ ಒಳಗುಟ್ಟನ್ನು ಈಗ ನೋಡಿ. ಇಷ್ಟು ಜಾಣತನದ ಕೋಡ್ ನಾನು ಬೇರೆಲ್ಲೂ ಕಂಡಿಲ್ಲ ಎಂದೇ ಹೇಳುತ್ತೇನೆ. ಒಂದು ಟಿಸಿಪಿ ಸಂಪರ್ಕವನ್ನು ಎರಡು ಕಡೆಯಿಂದ ಮುಟ್ಟುವವರಿದ್ದಾರೆ. ಒಂದು ಕಡೆ ಬ್ರೌಸರಿನಂಥ ಪ್ರೋಗ್ರಾಮ್. ಅದಕ್ಕೆ ಅವಸರವಿಲ್ಲ, ಮಾಹಿತಿ ಬರುವವರೆಗೆ ನಿದ್ದೆ ಹೋಗಬಲ್ಲದು. ಇನ್ನೊಂದು ಕಡೆ ಕಾರ್ಡಿನಿಂದ ಪ್ಯಾಕೆಟ್ ತರುವ ಸಾಫ್ಟ್‌ಐಆರ್‌ಕ್ಯೂ. ಅದು ನಡೆಯುತ್ತಿರುವ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ ನುಗ್ಗುತ್ತದೆ, ನಿದ್ದೆ ಹೋಗುವ ಹಕ್ಕೇ ಅದಕ್ಕಿಲ್ಲ. ಈಗ ಅಪಾಯ ಊಹಿಸಿಕೊಳ್ಳಿ. ಪ್ರೋಗ್ರಾಮ್ ಬೀಗ ಹಿಡಿದಿರುವಾಗ ಅದೇ ಕೋರ್ ಮೇಲೆ ಸಾಫ್ಟ್‌ಐಆರ್‌ಕ್ಯೂ ನುಗ್ಗಿ ಅದೇ ಬೀಗಕ್ಕೆ ಕಾದು ಕೂತರೆ? ಬೀಗ ಬಿಡಬೇಕಾದ ಪ್ರೋಗ್ರಾಮ್ ಅದರ ಕೆಳಗೇ ಸ್ತಬ್ಧವಾಗಿ ಬಿದ್ದಿದೆ. ಆ ಕೋರ್ ಅನಂತಕಾಲ ತನಗಾಗಿ ತಾನೇ ಕಾಯುತ್ತದೆ!

ಇದಕ್ಕೆ ಕಂಡುಕೊಂಡ ಉಪಾಯ ಹೀಗಿದೆ. ಪ್ರೋಗ್ರಾಮ್ ಸಾಕೆಟ್ಟಿನ ಚಿಕ್ಕ ಬೀಗವನ್ನು ಕ್ಷಣಮಾತ್ರ ಹಿಡಿಯುತ್ತದೆ, ಆ ಕ್ಷಣದ ಮಟ್ಟಿಗೆ ತನ್ನ ಕೋರ್‌ನಲ್ಲಿ ಸಾಫ್ಟ್‌ಐಆರ್‌ಕ್ಯೂ ನುಗ್ಗದಂತೆ ತಡೆಯುತ್ತದೆ, 'ಈ ಸಾಕೆಟ್ ಈಗ ನನ್ನ ವಶದಲ್ಲಿದೆ' ಎಂದು ಒಂದು ಗುರುತು ಬರೆದು ಬೀಗವನ್ನು ಕೂಡಲೇ ಬಿಟ್ಟುಬಿಡುತ್ತದೆ. ಆಮೇಲೆ ನಿಧಾನವಾಗಿ ತನ್ನ ಕೆಲಸ. ಈ ನಡುವೆ ಪ್ಯಾಕೆಟ್ ಹೊತ್ತ ಸಾಫ್ಟ್‌ಐಆರ್‌ಕ್ಯೂ ಬಂದರೆ ಬೀಗ ಖಾಲಿಯೇ ಇದೆ, ಸಲೀಸಾಗಿ ಸಿಗುತ್ತದೆ. ಅದು ಗುರುತು ನೋಡುತ್ತದೆ, 'ಓ, ಯಾರೋ ಇದ್ದಾರೆ' ಎಂದು ತಿಳಿದು ಪ್ಯಾಕೆಟ್ಟನ್ನು ಬ್ಯಾಕ್‌ಲಾಗ್ ಎಂಬ ಸಾಲಿನಲ್ಲಿಟ್ಟು ಹೊರಟುಹೋಗುತ್ತದೆ. ಇತ್ತ ಪ್ರೋಗ್ರಾಮ್ ತನ್ನ ಕೆಲಸ ಮುಗಿಸಿ ಸಾಕೆಟ್ ಬಿಟ್ಟುಕೊಡುವ ಮೊದಲು ಬ್ಯಾಕ್‌ಲಾಗ್ ನೋಡಲೇಬೇಕು. ಅಲ್ಲಿರುವ ಪ್ಯಾಕೆಟ್‌ಗಳ ಟಿಸಿಪಿ ಕೆಲಸವನ್ನೆಲ್ಲ ತಾನೇ ಮಾಡಿ ಮುಗಿಸಬೇಕು. ಅದನ್ನು ಮಾಡುತ್ತಿರುವಾಗ ಇನ್ನಷ್ಟು ಬಂದಿದ್ದರೆ ಅವನ್ನೂ ಮುಗಿಸಬೇಕು. ಆಮೇಲಷ್ಟೇ ಗುರುತು ಅಳಿಸುವುದು, ಕಾಯುವವರಿದ್ದರೆ ಎಬ್ಬಿಸುವುದು. ಬೀಗಕ್ಕಾಗಿ ಬಂದವರು ಕಾಯಲಿಲ್ಲ, ತಮ್ಮ ಕೆಲಸವನ್ನೇ ಒಳಗಿದ್ದವರ ಕೈಗೆ ಒಪ್ಪಿಸಿ ಹೋದರು! ಮೊದಲು ಈ ಸಾಲಿಗೆ ಮಿತಿ ಇರಲಿಲ್ಲ. ಪ್ಯಾಕೆಟ್‌ಗಳ ಮಳೆ ಸುರಿದರೆ ಮೆಮೊರಿಯೇ ತುಂಬಿಹೋಗುವ ಭಯವಿತ್ತು. 2010ರಲ್ಲಿ ಮಿತಿ ಹಾಕಿದರು. ಮಿತಿ ಮೀರಿದ ಪ್ಯಾಕೆಟ್ ಬಿದ್ದುಹೋಗುತ್ತದೆ, ಕಳಿಸಿದವರ ಕಡೆಯ ಟಿಸಿಪಿ ಅದನ್ನು ಮತ್ತೆ ಕಳಿಸುತ್ತದೆ.

ಸಾಕೆಟ್ ಒಂದೊಂದು ಸಂಪರ್ಕಕ್ಕೆ ಒಂದೊಂದು. ಆದರೆ ರೂಟಿಂಗ್ ಟೇಬಲ್? ಅದನ್ನು ಅರವತ್ತನಾಲ್ಕು ಕೋರ್‌ಗಳೂ ಪ್ರತಿ ಪ್ಯಾಕೆಟ್ಟಿಗೂ ನೋಡಬೇಕು. ಅಲ್ಲಿ ಒಂದು ಬೀಗ ಇಟ್ಟರೆ ಆ ಬೀಗದ ಸಂಖ್ಯೆ ಇರುವ ಮೆಮೊರಿಯ ತುಣುಕು ಒಂದು ಕೋರ್‌ನ ಕ್ಯಾಶ್‌ನಿಂದ ಇನ್ನೊಂದರ ಕ್ಯಾಶ್‌ಗೆ ಓಡಾಡುವುದರಲ್ಲೇ 67 ನ್ಯಾನೋಸೆಕೆಂಡ್ ಕರಗಿಹೋಗುತ್ತದೆ. ಹಾಗಾದರೆ ಬೀಗವೇ ಬೇಡವೇ?

ಹೌದು, ಓದುವವರಿಗೆ ಬೀಗವೇ ಬೇಡ! ಈ ವಿದ್ಯೆಯ ಹೆಸರು ರೀಡ್-ಕಾಪಿ ಅಪ್‌ಡೇಟ್, ಬಳಕೆಯಲ್ಲಿ ಆರ್‌ಸಿಯು. ಇದನ್ನು ರೂಪಿಸಿದವರು ಅಮೆರಿಕದ ಸೀಕ್ವೆಂಟ್ ಕಂಪನಿಯಲ್ಲಿದ್ದ ಪಾಲ್ ಮೆಕೆನ್ನಿ ಮತ್ತು ಜಾಕ್ ಸ್ಲಿಂಗ್‌ವೈನ್. 1995ರಲ್ಲಿ ಅವರಿಗೆ ಇದರ ಪೇಟೆಂಟ್ ಸಿಕ್ಕಿತು. 1999ರಲ್ಲಿ ಸೀಕ್ವೆಂಟನ್ನು ಐಬಿಎಂ ಕೊಂಡಿತು. ಅಲ್ಲಿಂದ ಈ ವಿದ್ಯೆ ಲಿನಕ್ಸಿಗೆ ಬಂದ ದಾರಿ ನಮ್ಮ ಬೆಂಗಳೂರಿನ ಮೂಲಕ ಹಾದುಹೋಗಿದೆ. ಐಬಿಎಂನ ಬೆಂಗಳೂರು ಸಾಫ್ಟ್‌ವೇರ್ ಲ್ಯಾಬ್‌ನಲ್ಲಿದ್ದ ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ, 2001ರ ಒಟ್ಟಾವಾ ಲಿನಕ್ಸ್ ಸಿಂಪೋಸಿಯಂಗಾಗಿ ಮೆಕೆನ್ನಿ ಮೊದಲಾದವರು ಬರೆದ ಆರ್‌ಸಿಯು ಪ್ರಬಂಧದ ಸಹಲೇಖಕರು. ಲಿನಕ್ಸಿಗೆ ಹೊಂದುವ ಕೋಡನ್ನು ಕೂತು ಬರೆದು, ತಿದ್ದಿ, ಮತ್ತೆ ಮತ್ತೆ ಕಳಿಸಿದವರಲ್ಲಿ ದೀಪಂಕರ್ ಪ್ರಮುಖರು. 2002ರ ಅಕ್ಟೋಬರ್‌ನಲ್ಲಿ 2.5.43 ಆವೃತ್ತಿಯೊಳಗೆ ಅದು ಸೇರಿತು. ಅದನ್ನು ಮೊದಮೊದಲು ಬಳಸಿಕೊಂಡ ಜಾಗಗಳಲ್ಲಿ ಐಪಿ ರೂಟಿಂಗ್ ಕ್ಯಾಶ್ ಒಂದು. ಈ ಸಂಗತಿ ಬೆಂಗಳೂರಿನಲ್ಲೇ ಎಷ್ಟು ಕಡಿಮೆ ಜನಕ್ಕೆ ಗೊತ್ತು!

ಅದರ ಉಪಾಯ ಹೀಗೆ. ಹೊಳೆಗೆ ಹೊಸ ಸೇತುವೆ ಕಟ್ಟಿ ಮುಗಿಯಿತು ಅನ್ನಿ. ರಸ್ತೆಯನ್ನು ಹೊಸದರ ಕಡೆ ತಿರುಗಿಸುತ್ತಾರೆ. ಆದರೆ ಹಳೆಯದನ್ನು ಆ ಕ್ಷಣವೇ ಒಡೆಯುವಂತಿಲ್ಲ, ಅದರ ಮೇಲೆ ಆಗಲೇ ಹೊರಟ ಗಾಡಿಗಳಿವೆ. ಅಷ್ಟೂ ಗಾಡಿಗಳು ಆಚೆ ದಡ ಸೇರಿದ ಮೇಲೆ ಒಡೆಯಬಹುದು. ಕರ್ನಲ್ಲಿನಲ್ಲಿ ಟೇಬಲ್ಲಿನ ಒಂದು ನಮೂದನ್ನು ಬದಲಿಸಬೇಕಾದವರು ಹೀಗೇ ಮಾಡುತ್ತಾರೆ. ಹಳೆಯದನ್ನು ಮುಟ್ಟದೆ ಅದರ ಪ್ರತಿ ಮಾಡಿ, ಪ್ರತಿಯನ್ನು ತಿದ್ದಿ, ಎಲ್ಲ ಸಿದ್ಧವಾದ ಮೇಲೆ ನಮೂದಿನ ವಿಳಾಸ ಹಿಡಿದ ಪಾಯಿಂಟರನ್ನು ಒಂದೇ ಬರಹಕ್ಕೆ ಹೊಸದರತ್ತ ತಿರುಗಿಸುತ್ತಾರೆ. ಇನ್ನು ಮೇಲೆ ಬರುವ ಓದುಗರಿಗೆ ಹೊಸದು, ಮೊದಲೇ ಒಳಹೊಕ್ಕವರಿಗೆ ಹಳೆಯದು. ಅರ್ಧ ಹಳೆಯದು ಅರ್ಧ ಹೊಸದು ಯಾರಿಗೂ ಕಾಣುವುದಿಲ್ಲ.

ಸರಿ, ಹಳೆಯದರ ಮೇಲಿದ್ದ ಓದುಗರೆಲ್ಲ ಇಳಿದರು ಎಂದು ತಿಳಿಯುವುದು ಹೇಗೆ? ಓದುಗರು ಬಂದಾಗ, ಹೋದಾಗ ಎಲ್ಲೂ ಏನೂ ಬರೆಯುವುದಿಲ್ಲವಲ್ಲ! ನನ್ನ ಪ್ರಕಾರ ಇಡೀ ಕಥೆಯ ಮುಕುಟಮಣಿ ಇದೇ. ಆರ್‌ಸಿಯುವಿನ ಮೂಲ ರೂಪದಲ್ಲಿ ಓದುತ್ತಿರುವವರಿಗೆ ಒಂದೇ ನಿಯಮ: ಓದುವಾಗ ನಿದ್ದೆ ಹೋಗಬಾರದು, ಕೋರ್ ಬಿಟ್ಟುಕೊಡಬಾರದು. ಹಾಗಿದ್ದರೆ ಯಾವುದೇ ಕೋರ್ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೊರಳಿತು ಎಂದರೆ, ಅದರ ಮೇಲಿದ್ದ ಹಳೆಯ ಓದು ಮುಗಿದಿದೆ ಎಂದೇ ಅರ್ಥ. ಪಾಯಿಂಟರ್ ತಿರುಗಿಸಿದ ಮೇಲೆ ಪ್ರತಿ ಕೋರೂ ಒಮ್ಮೆಯಾದರೂ ಹೊರಳುವುದನ್ನು ಕಾದರಾಯಿತು. ಹೇಗಿದ್ದರೂ ನಡೆಯುತ್ತಲೇ ಇರುವ ಒಂದು ಸಂಗತಿಯನ್ನು ಸುಮ್ಮನೆ ಗಮನಿಸಿ, ಯಾರೂ ಹೇಳದಿದ್ದ ಸುದ್ದಿಯನ್ನು ಪಡೆದುಬಿಟ್ಟರು! ಬದಲಿಸುವವರು ಹಲವು ಮಿಲಿಸೆಕೆಂಡ್ ಕಾಯಬೇಕಾಗಬಹುದು, ಕಾಯಲಿ. ದಾರಿ ಬದಲಾಗುವುದು ಅಪರೂಪಕ್ಕೆ, ದಾರಿ ಹುಡುಕುವುದು ಸೆಕೆಂಡಿಗೆ ಕೋಟಿ ಸಲ. ಓದುಗರು 'ಬೀಗ ಹಾಕುವ' ಕರೆ ಕೋಡಿನಲ್ಲಿ ಕಣ್ಣಿಗೆ ಕಾಣುತ್ತದೆ. ಆದರೆ ಸರ್ವರ್‌ಗಳಿಗೆಂದು ನಡೆಯುತ್ತಿರುವ ಕೆಲಸವನ್ನು ನಡುವೆಯೇ ಬದಿಗೊತ್ತುವ ಪ್ರೀಎಂಪ್ಷನ್ ಇಲ್ಲದೆ ಕಟ್ಟಿದ ಕರ್ನಲ್ಲಿನಲ್ಲಿ ಕಂಪೈಲರ್ ಅದಕ್ಕಾಗಿ ಹೊರಡಿಸುವ ಯಂತ್ರಸೂಚನೆಗಳ ಸಂಖ್ಯೆ ಸೊನ್ನೆ. ಸೊನ್ನೆ!

ಒಪ್ಪಂದದ ಮೇಲೆ ನಿಂತದ್ದು ಎಂದೆನಲ್ಲ, ಅದನ್ನು ಒಂದೇ ಒಂದು ಕಡೆ ಮರೆತರೂ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ಸಿಕ್ಕಿದ್ದು 2016ರ ಡಿಸೆಂಬರ್‌ನಲ್ಲಿ. ಫಿಲಿಪ್ ಪೆಟರ್ಸನ್ ಎಂಬ ಸಂಶೋಧಕರು ಬಯಲಿಗೆ ತಂದ ಆ ದೋಷದ ಸಂಖ್ಯೆ ಸಿವಿಇ-2016-8655. ಅದು ಇದ್ದದ್ದು ಪ್ಯಾಕೆಟ್ ಸಾಕೆಟ್ ಎಂಬ ಭಾಗದಲ್ಲಿ. ಟಿಸಿಪಿಡಂಪ್‌ನಂಥ ಸಾಧನಗಳು ಬರುವ ಹೋಗುವ ಪ್ಯಾಕೆಟ್‌ಗಳನ್ನು ನೋಡುವುದು ಇದರ ಮೂಲಕವೇ. ಈ ಸಾಕೆಟ್ಟಿಗೆ ರಿಂಗ್ ಎಂಬ ಬಫರ್ ಕಟ್ಟಿಕೊಡಬಹುದು. ಮೂರನೇ ಆವೃತ್ತಿಯ ರಿಂಗ್ ಆದರೆ ಅದರ ಜೊತೆಗೆ ಒಂದು ಟೈಮರ್ ಕೂಡ ಶುರುವಾಗುತ್ತದೆ. ಸಾಕೆಟ್ ಮುಚ್ಚುವಾಗ 'ಆವೃತ್ತಿ ಮೂರೇ?' ಎಂದು ನೋಡಿ ಟೈಮರ್ ನಿಲ್ಲಿಸುತ್ತಾರೆ.

ಆವೃತ್ತಿ ಬದಲಿಸುವ ಕೋಡ್ 'ರಿಂಗ್ ಆಗಲೇ ಇದೆಯೇ?' ಎಂದು ನೋಡುತ್ತಿತ್ತು. ಇಲ್ಲವೆಂದರೆ ಬದಲಿಸುತ್ತಿತ್ತು. ನೋಡುವುದಕ್ಕೂ ಬದಲಿಸುವುದಕ್ಕೂ ನಡುವೆ ಮಾತ್ರ ಬೀಗವಿರಲಿಲ್ಲ. ಕಣ್ಣು ಮಿಟುಕಿಸುವುದರ ಒಂದು ಸಣ್ಣ ಚೂರಿನಷ್ಟು ಆ ಸಂದಿನಲ್ಲಿ ಇನ್ನೊಂದು ಥ್ರೆಡ್ ಮೂರನೇ ಆವೃತ್ತಿಯ ರಿಂಗ್ ಕಟ್ಟಿ ಟೈಮರ್ ಶುರು ಮಾಡಿದರೆ? ಮೊದಲ ಥ್ರೆಡ್ ಇದು ಗೊತ್ತಿಲ್ಲದೆ ಆವೃತ್ತಿಯನ್ನು ಒಂದು ಎಂದು ಬರೆಯುತ್ತದೆ. ಸಾಕೆಟ್ ಮುಚ್ಚುವಾಗ ಆವೃತ್ತಿ ಒಂದೆಂದು ಕಂಡು ಟೈಮರ್ ನಿಲ್ಲಿಸುವುದಿಲ್ಲ. ಸಾಕೆಟ್ಟಿನ ಮೆಮೊರಿ ವಾಪಸ್ ಹೋಯಿತು, ಆದರೆ ಅದರೊಳಗಿನ ಟೈಮರ್ ಇನ್ನೂ ಓಡುತ್ತಿದೆ! ಆ ಜಾಗದಲ್ಲಿ ದಾಳಿಕೋರ ತನಗೆ ಬೇಕಾದ್ದನ್ನು ತುಂಬಿದರೆ, ಟೈಮರ್ ಸಿಡಿದಾಗ ಕರ್ನಲ್ ಓಡಿಸುವುದು ಅವನ ಆಯ್ಕೆಯನ್ನು. ಸಾಮಾನ್ಯ ಬಳಕೆದಾರ ಯಂತ್ರದ ಪೂರ್ಣ ಅಧಿಕಾರವಿರುವ ರೂಟ್ ಆಗಿಬಿಡುತ್ತಿದ್ದ. ಆ ಸಂದು ಕೋಡಿನೊಳಗೆ ಬಂದದ್ದು 2011ರ ಆಗಸ್ಟ್‌ನಲ್ಲಿ. ಐದು ವರ್ಷ ಜಗತ್ತಿನ ಕಣ್ಣೆದುರೇ ತೆರೆದುಕೊಂಡಿತ್ತು. ತಿದ್ದಿದ್ದು ಕೆಲವೇ ಸಾಲುಗಳಲ್ಲಿ: ಆವೃತ್ತಿ ಬದಲಿಸುವ ಮೊದಲೂ ರಿಂಗ್ ಕಟ್ಟುವ ಮೊದಲೂ ಸಾಕೆಟ್ಟಿನ ಅದೇ ಬೀಗ ಹಿಡಿಯಬೇಕು, ಅಷ್ಟೇ.

ಮನುಷ್ಯರ ನೆನಪಿಗೆ ಈ ಭಾರ ಜಾಸ್ತಿಯಾಯಿತೆಂದೇ ಯಂತ್ರವನ್ನೂ ಕಾವಲಿಗೆ ನಿಲ್ಲಿಸಿದ್ದಾರೆ. 2006ರಲ್ಲಿ ಹಂಗೆರಿಯ ಇಂಗೋ ಮೊಲ್ನಾರ್ ತಂದ ಲಾಕ್‌ಡೆಪ್, ಯಾವ ಬೀಗದ ಮೇಲೆ ಯಾವ ಬೀಗ ಹಿಡಿದರು ಎಂಬ ಕ್ರಮವನ್ನು ಬರೆದಿಡುತ್ತದೆ. ಒಂದು ದಾರಿಯಲ್ಲಿ ಮೊದಲು ಎ ಆಮೇಲೆ ಬಿ, ಇನ್ನೊಂದು ದಾರಿಯಲ್ಲಿ ಮೊದಲು ಬಿ ಆಮೇಲೆ ಎ ಎಂದು ಕಂಡರೆ ಕೂಗಿಕೊಳ್ಳುತ್ತದೆ. ಎರಡು ದಾರಿಗಳು ಒಂದೇ ಹೊತ್ತಿಗೆ ನಡೆದಿರಲೇಬೇಕೆಂದಿಲ್ಲ, ಯಾರೂ ಸಿಕ್ಕಿಹಾಕಿಕೊಂಡಿರಬೇಕೆಂದೂ ಇಲ್ಲ. ಇನ್ನೂ ಆಗದ ಅಪಘಾತವನ್ನು ಅದು ಹೇಳಬಲ್ಲದು! 2020ರಲ್ಲಿ 5.8 ಆವೃತ್ತಿಯೊಂದಿಗೆ ಬಂದ ಕೆಸಿಸ್ಯಾನ್ ಇನ್ನೂ ಧೈರ್ಯದ್ದು. ಒಂದು ಕೋರ್ ಮೆಮೊರಿ ಮುಟ್ಟುವಾಗ ಅದನ್ನು ಬೇಕೆಂದೇ ಚೂರು ಹೊತ್ತು ನಿಲ್ಲಿಸಿ, ಅಷ್ಟರಲ್ಲಿ ಬೇರೆ ಯಾರಾದರೂ ಅಲ್ಲಿಗೆ ಕೈ ಹಾಕುತ್ತಾರೆಯೇ ಎಂದು ಕಾದು ನೋಡುತ್ತದೆ. ಹಾಕಿದರೆ ಇಬ್ಬರೂ ಸಿಕ್ಕಿಬಿದ್ದಂತೆ.

ನೆಟ್‌ವರ್ಕ್ ಕೋಡಿನಲ್ಲಿ ಒಂದು ಹಳೆಯ ದೊಡ್ಡ ಬೀಗ ಇನ್ನೂ ಇದೆ, ಹೆಸರು ಆರ್‌ಟಿಎನ್‌ಎಲ್. ಪ್ಯಾಕೆಟ್‌ಗಳ ಓಡಾಟಕ್ಕೆ ಅದು ಬೇಕಿಲ್ಲ. ಆದರೆ ಕಾರ್ಡ್ ಸೇರಿಸುವುದು, ಐಪಿ ವಿಳಾಸ ಕೊಡುವುದು, ದಾರಿ ಬದಲಿಸುವುದು, ಇಂಥ ಏರ್ಪಾಡುಗಳಲ್ಲಿ ಹೆಚ್ಚಿನವು ಬಹುಕಾಲ ಆ ಒಂದೇ ಬೀಗದ ಕೆಳಗೆ ನಡೆದವು. ಒಂದು ಯಂತ್ರದಲ್ಲಿ ಸಾವಿರಾರು ಕಂಟೇನರ್‌ಗಳು ಹುಟ್ಟಿ ಸಾಯುವ ಈ ಕಾಲದಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಕಂಟೇನರ್‌ಗಳು ಅದರೆದುರು ಸಾಲು ನಿಲ್ಲುತ್ತವೆ. ಪ್ರತಿ ನೆಟ್‌ವರ್ಕ್ ನೇಮ್‌ಸ್ಪೇಸಿಗೂ ಎಂದರೆ ಕಂಟೇನರಿನ ಪ್ರತ್ಯೇಕ ನೆಟ್‌ವರ್ಕ್ ಆವರಣಕ್ಕೂ ಅದರದೇ ಬೀಗ ಕೊಡುವ ಕೆಲಸ 2024ರಿಂದ ಭರದಿಂದ ನಡೆದಿದೆ. ಒಂದೇ ಏಟಿಗೆ ಒಡೆಯುವ ಹಾಗಿಲ್ಲ. ಅದರ ನೆರಳಿನಲ್ಲಿ ಬೆಳೆದ ಕೋಡಿನಲ್ಲಿ ಯಾವ ಮಾಹಿತಿ ಯಾರ ಭರವಸೆಯ ಮೇಲೆ ಕೂತಿದೆ ಎಂದು ಒಂದೊಂದೇ ಕಡೆ ಹುಡುಕಿ, ಚಿಕ್ಕ ಬೀಗವನ್ನೂ ಜೊತೆಗೆ ಹಿಡಿಸಿ, ಲಾಕ್‌ಡೆಪ್ ಕೂಗದಿದ್ದರೆ ಮಾತ್ರ ದೊಡ್ಡದನ್ನು ಆ ಜಾಗದಿಂದ ತೆಗೆಯುತ್ತಿದ್ದಾರೆ.